ಯಕ್ಷಗಾನದ ಮೋಕ್ಯಾಪ್ ಎಡಿಟಿಂಗ್: ಸ್ಮೂತ್ ಮಾಡಿದ್ರೆ ಗತ್ತು ಹೋಗ್ತದೆ, ಬಿಟ್ರೆ ಕಾಲು ಜಾರ್ತದೆ

ಠಾಕುರ್ಲಿ_ಟೂನ್

ನಮಸ್ಕಾರ. ಮುಂಬೈ ಪುಣೆ ಕಡೆ ಅನಿಮೇಶನ್ ಕೆಲ್ಸದಲ್ಲಿರುವ ಕನ್ನಡದವರು ಇಲ್ಲಿ ಸುಮಾರು ಜನ ಇದ್ದೀರಿ ಅಂತ ಗೊತ್ತು, ಹಾಗಾಗಿ ಇಲ್ಲೇ ಕೇಳುವ ಅಂತ. ಡೊಂಬಿವಲಿಯ ಒಬ್ರು ಹವ್ಯಾಸಿ ವೇಷಧಾರಿಯನ್ನು ಅಂಧೇರಿಯ ಒಂದು ಸ್ಟುಡಿಯೋಕ್ಕೆ ಕರ್ಕೊಂಡು ಹೋಗಿ ತೆಂಕುತಿಟ್ಟಿನ (ಯಕ್ಷಗಾನದ ತೆಂಕಣ ಶೈಲಿ) ಕುಣಿತ ಮೋಕ್ಯಾಪ್ (ಮೋಶನ್ ಕ್ಯಾಪ್ಚರ್, ಅಂದ್ರೆ ಮೈಯ ಚಲನೆಯನ್ನು ಕಂಪ್ಯೂಟರಿಗೆ ದಾಖಲು ಮಾಡುದು) ಮಾಡ್ಸಿದ್ದು. ಆಪ್ಟಿಕಲ್ ಸಿಸ್ಟಮ್ (ಸುತ್ತ ಹಲವು ಕ್ಯಾಮೆರಾ ಇಡುದು), 120 ಎಫ್‌ಪಿಎಸ್, ಅಂದ್ರೆ ಸೆಕೆಂಡಿಗೆ 120 ಫ್ರೇಮ್, ವೇಷ ಇಲ್ಲ, ಬರೇ ಮೈಗೆ ಅಂಟುವ ಸೂಟ್, ಗೆಜ್ಜೆ ಮಾತ್ರ ಅವ್ರು ಬಿಡ್ಲೇ ಇಲ್ಲ, ಕಟ್ಟಿಕೊಂಡೇ ಕುಣಿದ್ರು. ಪ್ರವೇಶ ಉಂಟು, ಯುದ್ಧದ ಕುಣಿತ ಉಂಟು, ಕೊನೆಗೆ ಸಾಲಾಗಿ ದಿಗಿಣ (ಹಾರಿ ಗಿರಕಿ ಹೊಡೆಯುದು) ಉಂಟು. ಇದನ್ನು ಮಕ್ಕಳ ಒಂದು ಕಿರುಚಿತ್ರದ ಕ್ಯಾರೆಕ್ಟರಿಗೆ ಹಾಕ್ಬೇಕು. ಕ್ಯಾರೆಕ್ಟರ್ ಗಿಡ್ಡ, ತಲೆ ದೊಡ್ಡದು, ಕಾಲು ಚಿಕ್ಕದು.

ತೊಂದರೆ ಎಂತ ಅಂದ್ರೆ ರೀಟಾರ್ಗೆಟ್ ಮಾಡಿದ (ಅವ್ರ ಚಲನೆಯನ್ನು ಕ್ಯಾರೆಕ್ಟರಿನ ಮೈಗೆ ಹಾಕಿದ) ಕೂಡ್ಲೆ ಕಾಲು ನೆಲದ ಮೇಲೆ ಜಾರ್ತದೆ, ಎಣ್ಣೆ ಚೆಲ್ಲಿದ ಟೈಲ್ಸಿನ ಮೇಲೆ ಕುಣಿದ ಹಾಗೆ. ಕರ್ವ್ (ಕೀಲಿನ ಚಲನೆಯ ಗೆರೆ) ತೆಗೆದು ನೋಡಿದ್ರೆ ಪ್ರತೀ ಫ್ರೇಮಿಗೂ ಒಂದೊಂದು ಕೀ (ಬೆಲೆ ಗುರುತಿಸಿದ ಬಿಂದು), ಇಡೀ ಗೆರೆಗೆ ಸಣ್ಣ ನಡುಕ. ಸ್ಮೂತ್ ಫಿಲ್ಟರ್ ಕೊಟ್ರೆ ನಡುಕ ಹೋಗ್ತದೆ ಆದ್ರೆ ಹೆಜ್ಜೆ ಬಡಿಯುವಾಗ ಬರುವ ಆ ಗತ್ತು ಉಂಟಲ್ಲ ಅದೂ ಒಟ್ಟಿಗೆ ಹೋಗ್ತದೆ. ಮತ್ತೆ ಫೈನಲ್ ಹಾಡು ನಮ್ಮವ್ರು ಕುಣಿದ ಲಯಕ್ಕಿಂತ ಸ್ವಲ್ಪ ನಿಧಾನ. ಬ್ಲೆಂಡರ್ ಮೋಶನ್‌ಬಿಲ್ಡರ್ ಸಾಫ್ಟ್‌ವೇರ್ ಎರಡೂ ನನ್ನತ್ರ ಉಂಟು. ಯಾವುದರಿಂದ ಶುರು ಮಾಡುದು?

ಗೋರೆಗಾಂವ್_ಗುರು

ನೇರವಾಗಿ ಹೇಳ್ಬಿಡ್ತೀನಿ ಬೇಜಾರ್ ಮಾಡ್ಕೋಬೇಡಿ. ಮೋಕ್ಯಾಪನ್ನ ರೆಫರೆನ್ಸ್ ಆಗಿ ಪಕ್ಕದಲ್ಲಿಟ್ಕೊಂಡು ಕೈಯಲ್ಲೇ ಕೀಫ್ರೇಮ್ ಮಾಡಿ. ಗಿಡ್ಡ ಕಾಲಿನ ಕಾರ್ಟೂನಿಗೆ ಮನುಷ್ಯನ ಚಲನೆ ಹಂಗಂಗೇ ಹಾಕಿದ್ರೆ ಯಾವತ್ತೂ ಸರಿ ಕಾಣಲ್ಲ. ಇದೇನ್ ಹೊಸ ಜಗಳ ಅಲ್ಲ, ಅನಿಮೇಟರ್ ಮ್ಯಾಕ್ಸ್ ಫ್ಲೀಶರ್ 1915ರಲ್ಲಿ ರೋಟೋಸ್ಕೋಪ್ (ಫಿಲ್ಮಿನ ಒಂದೊಂದೇ ಫ್ರೇಮ್ ಟ್ರೇಸ್ ಮಾಡೋ ಯಂತ್ರ) ಪೇಟೆಂಟಿಗೆ ಅರ್ಜಿ ಹಾಕಿ 1917ರಲ್ಲಿ ತಗೊಂಡ್ರಲ್ಲ ಅವಾಗಿಂದ ನಡೀತಾನೇ ಇದೆ, ನಿಜವಾದ ಮನುಷ್ಯನ್ನ ಟ್ರೇಸ್ ಮಾಡಿದ್ರೆ ಎಲ್ಲಾ ಕರೆಕ್ಟಾಗಿರತ್ತೆ ಆದ್ರೆ ಪೇಲವವಾಗಿರತ್ತೆ. ಪೋಸ್ ಎಳೀಬೇಕು, ಉತ್ಪ್ರೇಕ್ಷೆ ಮಾಡ್ಬೇಕು. ಪ್ರತಿ ಫ್ರೇಮಿಗೂ ಕೀ ಇರೋ ಕರ್ವ್ ಮೇಲೆ ಅದನ್ನ ಮಾಡಕ್ಕೆ ಹೋದ್ರೆ ಹುಚ್ಚು ಹಿಡಿಯತ್ತೆ.

ಪುಣೇರಿ_ರಿಗ್

ಗುರು ಅವ್ರ, ನಿಮ್ಮ ಮಾತು ಕಾರ್ಟೂನ್ ಅಳಿಲಿಗೆ ಸರಿ ಐತಿ, ಯಕ್ಷಗಾನಕ್ಕ ನಾ ಒಪ್ಪಂಗಿಲ್ರಿ. ಹತ್ತಾರು ವರ್ಷ ಕುಣಿದ ಮನಷ್ಯಾನ ಸೊಂಟ ಯಾವ ಕ್ಷಣಕ್ಕ ಎಷ್ಟು ಕುಗ್ತೈತಿ ಅನ್ನೂದು ನಾವು ಕುರ್ಚಿ ಮ್ಯಾಲ ಕುಂತು ಕೀ ಹಾಕಿ ಕಂಡುಹಿಡಿಯೂದಲ್ಲ, ಅದು ಡೇಟಾದಾಗ ಬಂದೈತಿ, ಅದನ್ನ ಉಳಿಸ್ಕೊಂಡು ಎಡಿಟ್ ಮಾಡೂದ ನಮ್ಮ ಕೆಲ್ಸ. ನಾ ಪುಣೆದಾಗ ಗೇಮ್ ಸ್ಟುಡಿಯೋ ಒಂದ್ರಾಗ ಇದನ್ನ ದಿನಾ ಮಾಡ್ತೀನಿ.

ಠಾಕುರ್ಲಿಯವ್ರ, ಸ್ಮೂತ್ ಬಟನ್ನಿಗೆ ಈಗ ಕೈ ಹಚ್ಚಬ್ಯಾಡ್ರಿ. ಮೊದಲ ಯೂಲರ್ ಕರ್ವ್ (ತಿರುಗನ್ನ ಮೂರು ಅಕ್ಷದ ಕೋನದಾಗ ಬರಿಯೂದು) ನೋಡ್ರಿ. ಎಲ್ಲ್ಯರ 179 ಡಿಗ್ರಿಯಿಂದ ಒಮ್ಮೆಲೆ ಮೈನಸ್ 179ಕ್ಕ ಜಿಗದೈತೇನು? ಅದು ಖರೇ ಜಿಗಿತ ಅಲ್ಲ, 2 ಡಿಗ್ರಿ ತಿರಗಿದ್ದು, ಬರದಿದ್ದು ಮಾತ್ರ ಬ್ಯಾರೆ ನಂಬರಿನಾಗ. ಅದರ ಮ್ಯಾಲ ಸ್ಮೂತ್ ಹಾಕಿದ್ರ ಫಿಲ್ಟರ್ ನಡುವಿನ ಬೆಲೆ ತುಂಬತೈತಿ, ಅಂದ್ರ ಸೊನ್ನೆ ಮ್ಯಾಲ ಹಾದು ಹೋಗ್ತೈತಿ, ತೋಳು ಒಂದ ಕ್ಷಣ ಪೂರ್ತಿ ಉಲ್ಟಾ ತಿರಗಿ ಬರ್ತೈತಿ. ಬ್ಲೆಂಡರ್ ಗ್ರಾಫ್ ಎಡಿಟರ್‌ನಾಗ ಯೂಲರ್ ಫಿಲ್ಟರ್ ಐತಿ, ಮೋಶನ್‌ಬಿಲ್ಡರ್‌ನಾಗ ಅನ್‌ರೋಲ್ ರೊಟೇಶನ್ಸ್ ಅಂತ ಐತಿ. ಅದು ಮೊದಲ.

ಆಮ್ಯಾಲ ಕಾಲು ಜಾರೂದು. ಕಾರಣ ಬಾಳ ಸರಳ. ನಿಮ್ಮ ಕಲಾವಿದರ ಸೊಂಟ ನೆಲದಿಂದ 92 ಸೆಂಟಿಮೀಟರ್ ಇದ್ದು ಕ್ಯಾರೆಕ್ಟರಿಂದು 69 ಇತ್ತು ಅಂತ ಇಟ್ಕೋರಿ. ಕೀಲುಗಳ ತಿರುಗು ಹಂಗ ಕಾಪಿ ಆಗ್ತೈತಿ, ಆದ್ರ ಸೊಂಟದ ಓಡಾಟನೂ ಹಂಗ ಕಾಪಿ ಆದ್ರ ಗಿಡ್ಡ ಕಾಲು 45 ಸೆಂಟಿಮೀಟರ್ ಹೆಜ್ಜಿ ಹಾಕೂದ್ರಾಗ ಸೊಂಟ 60 ಸೆಂಟಿಮೀಟರ್ ಮುಂದ ಹೋಗಿರ್ತೈತಿ, ಉಳಿದ 15 ಸೆಂಟಿಮೀಟರ್ ಜಾರೂದ ಅಲ್ಲೇನ್ರಿ ಮತ್ತ. ಸೊಂಟದ ಟ್ರಾನ್ಸ್‌ಲೇಶನ್‌ನ 0.75ರಿಂದ ಗುಣಿಸ್ರಿ, ಅರ್ಧಕ್ಕಿಂತ ಹೆಚ್ಚು ಜಾರಾಟ ಅಲ್ಲೇ ನಿಲ್ತೈತಿ. ಉಳಿದದ್ದು ಕಾಂಟ್ಯಾಕ್ಟ್ (ಪಾದ ನೆಲಕ್ಕ ತಾಗಿದ ಹೊತ್ತು) ಗುರುತು ಮಾಡಿ ಐಕೆ ಲಾಕ್ (ಪಾದ ಒಂದ ಕಡೆ ಇಟ್ಟು ಕಾಲಿನ ಕೋನ ಸಾಫ್ಟ್‌ವೇರಿಂದ ಲೆಕ್ಕ ಹಾಕಿಸೂದು) ಹಾಕೂದು. ಯಾವ ಪಾದ ಯಾವ ಫ್ರೇಮಿನಿಂದ ಯಾವ ಫ್ರೇಮಿನ ತನಕ ನೆಲದ ಮ್ಯಾಲ ಐತಿ ಅಂತ ಪಟ್ಟಿ ಆಗೂ ತನಕ ಬ್ಯಾರೆ ಏನೂ ಮುಟ್ಟಬಾರ್ದು ಅನ್ನೂದು ನನ್ನ ಹಟ.

ಗೋರೆಗಾಂವ್_ಗುರು

ಕಾಂಟ್ಯಾಕ್ಟ್ ಹುಡುಕೋದು ನಡಿಗೇಲಿ ಸುಲಭ ಸರ್, ಪಾದದ ಸ್ಪೀಡ್ ಇಷ್ಟಕ್ಕಿಂತ ಕಮ್ಮಿ, ಎತ್ತರ ಇಷ್ಟಕ್ಕಿಂತ ಕಮ್ಮಿ ಅಂತ ಎರಡು ಮಿತಿ ಕೊಟ್ರೆ ಸಾಫ್ಟ್‌ವೇರೇ ಗುರುತು ಹಾಕತ್ತೆ. ಇವ್ರು ಬಡೀತಾರೆ, ಬಡಿದ ತಕ್ಷಣ ಎತ್ತುತಾರೆ. ಆ ಮಿತಿ ಅಲ್ಲಿ ವರ್ಕ್ ಆಗಲ್ಲ, ಅರ್ಧ ಹೆಜ್ಜೆ ತಪ್ಪೋಗತ್ತೆ.

ಮದ್ದಳೆಮನೆ

ನಾನು ಅನಿಮೇಶನಿನವ ಅಲ್ಲ ಮಾರಾಯ್ರೆ, ಮುಂಬೈಯಲ್ಲಿ ಆಟ ಆದಾಗ ಹಿಮ್ಮೇಳದಲ್ಲಿ ಕೂತುಕೊಳ್ಳುವವ. ಮಗಳು ಈ ಥ್ರೆಡ್ ತೋರಿಸಿದ್ಳು. ನೀವು ಪಾದ ನೆಲಕ್ಕೆ ತಾಗಿದ್ದು ಯಾವಾಗ ಅಂತ ಕಣ್ಣಲ್ಲಿ ಹುಡುಕುದು ಯಾಕೆ? ಗೆಜ್ಜೆ ಕಟ್ಟಿದ್ದಾರೆ ಅಂತ ಮೇಲೆ ಬರೆದಿದ್ದಾರಲ್ಲ. ನಾವು ಮದ್ದಳೆ ಬಾರಿಸುವಾಗ ವೇಷದ ಕಾಲು ನೋಡ್ತಾ ಕೂತುಕೊಳ್ಳುದಿಲ್ಲ, ಗೆಜ್ಜೆ ಕೇಳಿಸಿಕೊಳ್ತೇವೆ.

ಇನ್ನೊಂದು, ಸೂಟ್ ಹಾಕಿ ಕುಣಿದದ್ದು ಅಂದ್ರಿ. ಕಿರೀಟ, ಭುಜಕೀರ್ತಿ, ಎದೆಪದಕ ಎಲ್ಲ ಕಟ್ಟಿದ ಮೇಲೆ ಮನುಷ್ಯನ ಕುತ್ತಿಗೆ ಬೇರೆಯೇ. ತಲೆ ತಿರುಗಿಸುವಾಗ ಭುಜವೂ ಒಟ್ಟಿಗೆ ತಿರುಗ್ತದೆ, ಕೈ ಮೈಗೆ ಅಷ್ಟು ಹತ್ತಿರ ಬರುದೇ ಇಲ್ಲ. ವೇಷ ಇಲ್ಲದೆ ಕುಣಿದವರು ಹಗುರ ಆಗಿ ಕುಣಿದಿರ್ತಾರೆ. ಅದನ್ನೇ ಬಣ್ಣದ ವೇಷದ ಮೇಲೆ ಹಾಕಿದ್ರೆ ನೋಡುವವನಿಗೆ ಎಂತದೋ ಸರಿ ಇಲ್ಲ ಅಂತ ಆಗ್ತದೆ, ಯಾಕೆ ಅಂತ ಹೇಳ್ಲಿಕ್ಕೆ ಬರುದಿಲ್ಲ.

ಠಾಕುರ್ಲಿ_ಟೂನ್

ಗೆಜ್ಜೆಯ ಆಡಿಯೋ ಉಂಟು! ಸ್ಟುಡಿಯೋದಲ್ಲಿ ಒಂದು ಸಣ್ಣ ರೆಕಾರ್ಡರ್ ನೆಲದ ಹತ್ತಿರ ಇಟ್ಟಿದ್ದೆವು, ಟೇಕಿನ ಶುರುವಿಗೆ ಚಪ್ಪಾಳೆನೂ ಹೊಡೆದಿದ್ದಾರೆ. ಅದನ್ನು ಹೇಗೆ ಉಪಯೋಗಿಸುದು ಪುಣೇರಿಯವ್ರೇ?

ಪುಣೇರಿ_ರಿಗ್

ಮದ್ದಳೆ ರಾಯರ, ನಿಮಗ ಕೈ ಮುಗಿದೆ. ಇದು ನನಗ ಹೊಳಿದಿದ್ದಿಲ್ಲ.

ಚಪ್ಪಾಳಿ ಡೇಟಾದಾಗ ಎರಡೂ ಅಂಗೈ ಕೂಡಿದ ಫ್ರೇಮು, ಆಡಿಯೋದಾಗ ಆ ಟಪ್ ಅನ್ನೂ ಮೊನಚು, ಎರಡೂ ಒಂದಕ್ಕೊಂದು ಹೊಂದಿಸ್ರಿ. 120 ಎಫ್‌ಪಿಎಸ್ ಅಂದ್ರ ಫ್ರೇಮಿಗೆ 8.3 ಮಿಲಿಸೆಕೆಂಡ್. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗ್ತೈತಿ, ರೆಕಾರ್ಡರ್ 3 ಮೀಟರ್ ದೂರ ಇದ್ರೂ ಒಂದ ಫ್ರೇಮಿನಷ್ಟು ತಡ, ಅದನ್ನ ತಲೀಗೆ ಹಚ್ಕೊಳ್ಳೂದು ಬ್ಯಾಡ. ಆಮ್ಯಾಲ ಗೆಜ್ಜಿ ಅಲೆಯೊಳಗ ಎಲ್ಲೆಲ್ಲಿ ಮೊನಚು ಎದ್ದೈತಿ ಅಲ್ಲೆಲ್ಲ ಟೈಮ್‌ಲೈನಿನಾಗ ಮಾರ್ಕರ್ ಹಾಕ್ರಿ. ಯಾವ ಕಾಲು ಅಂತ ಡೇಟಾ ನೋಡಿದ್ರ ತಿಳಿತೈತಿ, ಯಾವ ಕ್ಷಣ ಅಂತ ಗೆಜ್ಜಿ ಹೇಳ್ತೈತಿ. ಒಂದ ಎಚ್ಚರ, ಗೆಜ್ಜಿ ಗಾಳಿಯೊಳಗೂ ಸಪ್ಪಳ ಮಾಡ್ತೈತಿ, ಕಾಲು ಝಾಡಿಸಿದಾಗ. ಅಂಥಾ ಕಡೆ ಪಾದದ ಎತ್ತರ ನೋಡಿ ಬಿಟ್ಟುಬಿಡ್ರಿ.

ಹಿಮ್ಮಡಿ ಬ್ಯಾರೆ, ಬೆರಳಿನ ತುದಿ ಬ್ಯಾರೆ ಗುರುತು ಮಾಡ್ರಿ. ಇಡೀ ಪಾದ ಒಂದ ಲಾಕ್ ಮಾಡಿದ್ರ ಹಿಮ್ಮಡಿ ಎತ್ತಿ ತುದಿ ಮ್ಯಾಲ ನಿಂತಾಗ ಪಾದ ನೆಲದೊಳಗ ಹೂತುಹೋಗ್ತೈತಿ. ಲಾಕ್ ಆದ ಪಾದ ಆ ಹೊತ್ತು ಮುಗಿಯೂ ತನಕ ಒಂದ ಜಾಗ ಬಿಟ್ಟು ಅಲುಗಬಾರ್ದು, ಒಳಗ ಬರೂ ಮುಂದ ಹೊರಗ ಹೋಗೂ ಮುಂದ ಕೆಲವು ಫ್ರೇಮು ಬ್ಲೆಂಡ್ ಕೊಡ್ರಿ. ಆದ್ರ ಬಡಿಯೂ ಹೆಜ್ಜಿಗೆ ಒಳಗ ಬರೂ ಬ್ಲೆಂಡ್ ಬಾಳ ಸಣ್ಣದಿರ್ಲಿ, ಅಲ್ಲೇ ಉದ್ದ ಬ್ಲೆಂಡ್ ಕೊಟ್ರ ಮತ್ತ ಮೆತ್ತಗಾಗ್ತೈತಿ.

ಮಣಕಾಲು ನೋಡ್ಕೋರಿ. ಕಾಲು ಪೂರ್ತಿ ನೆಟ್ಟಗಾದಾಗ ಐಕೆ ಇನ್ನೊಂದ ಎಳಿ ಎಳೀತಂದ್ರ ಮಣಕಾಲು ಟಕ್ ಅಂತ ಸಿಡಿತೈತಿ, ಸೊಂಟ ಅರ್ಧ ಸೆಂಟಿಮೀಟರ್ ಏರಿದ್ರೂ ಕೋನ ಭಾರಿ ಬದಲಾಗ್ತೈತಿ. 2002ರಾಗ ಕೋವರ್, ಶ್ರೈನರ್, ಗ್ಲೈಶರ್ ಮೂರೂ ಮಂದಿ ಇದರ ಮ್ಯಾಲ ಒಂದ ಪೇಪರ್ ಬರದಾರ, ಅವರ ಉಪಾಯ ಏನಂದ್ರ ಎಲುಬಿನ ಉದ್ದಾನ ಸ್ವಲ್ಪ ಹಿಗ್ಗಾಕ ಬಿಡೂದು. ಕಣ್ಣಿಗೆ ಅದು ಕಾಣಂಗಿಲ್ಲ, ಸಿಡಿಯೂದು ಮಾತ್ರ ಕಾಣ್ತೈತಿ. ನಿಮ್ಮ ಕ್ಯಾರೆಕ್ಟರಿನ ಎಲುಬುಗೂಡು, ಅಂದ್ರ ರಿಗ್‌ನಾಗ ಸ್ಟ್ರೆಚ್ ಇದ್ರ ಅಷ್ಟ ಸಣ್ಣಗ ಆನ್ ಮಾಡ್ರಿ, ಇಲ್ಲಂದ್ರ ಸೊಂಟಾನ ಒಂದೀಟ ಕೆಳಗ ಇಳಿಸ್ರಿ. ಯಕ್ಷಗಾನದಾಗ ಹೆಂಗೂ ಮಂಡಿ ಮಡಚೇ ನಿಂತಿರ್ತಾರ, ಹಂಗಾಗಿ ಈ ಕಾಟ ಕಡಿಮಿ ಇರಬಹುದು ನಿಮಗ.

ವಾಸ್ಕೋ_ವಾಸಿ

ಇಷ್ಟೆಲ್ಲ ಯಾಕ್ರೀ, ಈಗ ಎಐ ಟೂಲ್ ಬಂದಿದಾವಲ್ಲ, ಮೊಬೈಲ್ ವಿಡಿಯೋ ಕೊಟ್ರೆ ಮೋಕ್ಯಾಪ್ ಬರತ್ತೆ, ಕಾಲು ಜಾರೋದೂ ಅದೇ ಸರಿ ಮಾಡತ್ತೆ. ಗೋವಾದಲ್ಲಿ ನಾನು ಮದುವೆ ಇನ್ವಿಟೇಶನ್ ಅನಿಮೇಶನ್ನಿಗೆ ಅದೇ ಯೂಸ್ ಮಾಡ್ತೀನಿ, ಪಾರ್ಟಿ ಖುಷ್.

ಗೋರೆಗಾಂವ್_ಗುರು

ಮದುವೆ ಸ್ಟೆಪ್ಪಿಗೆ ಓಕೆ ಗುರು, ನಾನೂ ಯೂಸ್ ಮಾಡ್ತೀನಿ ಸುಳ್ಳ್ಯಾಕೆ. ಒಂದೇ ಕ್ಯಾಮೆರಾದಲ್ಲಿ ಆಳ ಗೊತ್ತಾಗಲ್ಲ, ಕ್ಯಾಮೆರಾ ಕಡೆ ಚಾಚಿದ ಕೈ ಎಷ್ಟು ಮುಂದೆ ಬಂದಿದೆ ಅಂತ ಅದು ಊಹೆ ಮಾಡತ್ತೆ. ಊಹೆ ಅದು ಕಲ್ತಿರೋ ಡೇಟಾದಿಂದ ಬರತ್ತೆ. ಅಮಾಸ್ ಅಂತ 2019ರಲ್ಲಿ ಹಲವಾರು ಹಳೇ ಮೋಕ್ಯಾಪ್ ಸಂಗ್ರಹ ಸೇರಿಸಿ ಮಾಡಿದ್ರಲ್ಲ, 40 ಗಂಟೆಗಿಂತ ಜಾಸ್ತಿ ಇದೆ, ಸಿಕ್ಕಾಪಟ್ಟೆ ಜನ ಅದರ ಮೇಲೇ ಕಲಿಸೋದು. ಅದ್ರಲ್ಲಿ ನಡಿಯೋದು ಓಡೋದು ಎತ್ತೋದು ಇಳಿಸೋದು ಧಂಡಿಯಾಗಿದೆ. ದಿಗಿಣ ಎಲ್ಲಿಂದ ಬರ್ಬೇಕು? ಗೊತ್ತಿಲ್ಲದ ಚಲನೆ ಬಂದ್ರೆ ಅದು ಗೊತ್ತಿರೋ ಚಲನೆ ಕಡೆ ಎಳ್ಕೊಂಡೋಗತ್ತೆ. ಇವ್ರತ್ರ ಆಪ್ಟಿಕಲ್ ಡೇಟಾ ಇದೆ, ಅದನ್ನ ಬಿಟ್ಟು ಊಹೆಗೆ ಯಾಕೆ ಹೋಗ್ಬೇಕು.

ಪುಣೇರಿ ಸರ್ ಹೇಳಿದ್ದು ಓದಿದ್ಮೇಲೆ ನನ್ನ ಮಾತು ಸ್ವಲ್ಪ ಬದಲಾಯಿಸ್ತೀನಿ, ಪೂರ್ತಿ ಅಲ್ಲ. ಉತ್ಪ್ರೇಕ್ಷೆ ಬೇಕೇ ಬೇಕು, ಆದ್ರೆ ಅದಕ್ಕೆ ಡೇಟಾ ಅಳಿಸ್ಬೇಕಾಗಿಲ್ಲ. 1995ರ ಕಂಪ್ಯೂಟರ್ ಗ್ರಾಫಿಕ್ಸ್ ಸಮ್ಮೇಳನ ಸಿಗ್ರಾಫ್‌ನಲ್ಲಿ ಎರಡು ಪೇಪರ್ ಬಂತು. ಒಂದು ವಿಟ್ಕಿನ್ ಮತ್ತೆ ಪೊಪೊವಿಚ್ ಅವರ ಮೋಶನ್ ವಾರ್ಪಿಂಗ್. ಅದ್ರಲ್ಲಿ ಕರ್ವನ್ನ ಮುಟ್ಟಲ್ಲ, ಕೆಲವೇ ಫ್ರೇಮಿನಲ್ಲಿ ನಿಮಗೆ ಬೇಕಾದ ಪೋಸ್ ಇಡ್ತೀರ, ಮೂಲಕ್ಕೂ ಅದಕ್ಕೂ ಇರೋ ವ್ಯತ್ಯಾಸನ ಮಾತ್ರ ನುಣುಪಾದ ಒಂದು ಗೆರೆ ಮಾಡಿ ಮೂಲದ ಮೇಲೆ ಕೂಡಿಸ್ತೀರ. ಮೂಲದಲ್ಲಿದ್ದ ಸಣ್ಣ ಸಣ್ಣ ಏರಿಳಿತ ಹಂಗೇ ಉಳ್ಕೊಳತ್ತೆ. ಇವತ್ತು ಮಾಯಾದಲ್ಲಿ ಮೋಶನ್‌ಬಿಲ್ಡರ್‌ನಲ್ಲಿ ಅನಿಮೇಶನ್ ಲೇಯರ್ ಅಂತೀವಲ್ಲ ಅದರ ಹಿಂದಿರೋ ಐಡಿಯಾ ಇದೇ. ಬ್ಲೆಂಡರಲ್ಲಿ ಎನ್‌ಎಲ್‌ಎಗೆ (ಚಲನೆ ತುಣುಕು ಒಂದರ ಮೇಲೊಂದು ಇಡೋ ಎಡಿಟರ್) ಹೋಗಿ ಮೇಲಿನ ಸ್ಟ್ರಿಪ್ಪನ್ನ ಕಂಬೈನ್ ಮೋಡಲ್ಲಿ ಇಡಿ. ಮದ್ದಳೆಯವ್ರು ಹೇಳಿದ ಕಿರೀಟದ ಭಾರ ಇಲ್ಲೇ ಬರೋದು ನೋಡಿ: ಒಂದು ಲೇಯರಲ್ಲಿ ಕುತ್ತಿಗೆ ತಿರುಗೋದನ್ನ ಕಮ್ಮಿ ಮಾಡಿ ಅದರ ಪಾಲನ್ನ ಎದೆಗೆ ಕೊಡಿ, ಇನ್ನೊಂದ್ರಲ್ಲಿ ಮೊಣಕೈ ಹೊರಗೆ ತಳ್ಳಿ ಭುಜಕೀರ್ತಿಗೆ ಜಾಗ ಮಾಡಿ. ಬೇಡ ಅನ್ಸಿದ್ರೆ ಲೇಯರ್ ಆಫ್.

ಎರಡನೇದು ಬ್ರುಡರ್ಲಿನ್ ಮತ್ತೆ ವಿಲಿಯಮ್ಸ್ ಅವರದ್ದು, ಅವ್ರು ಚಲನೆನ ಆಡಿಯೋ ತರ ಫ್ರೀಕ್ವೆನ್ಸಿ ಬ್ಯಾಂಡ್ ಮಾಡಿ ಈಕ್ವಲೈಸರಲ್ಲಿ ಏರಿಸಿ ಇಳಿಸಿದಂಗೆ ಮಾಡಿದ್ರು. ಮಧ್ಯದ ಬ್ಯಾಂಡ್ ಏರಿಸಿದ್ರೆ ಅದೇ ಕುಣಿತ ಜೋರಾಗಿ ಕುಣಿದಂಗೆ ಕಾಣತ್ತೆ. ನಿಮ್ಮ ಸ್ಮೂತ್ ಪ್ರಾಬ್ಲಮ್‌ಗೂ ಉತ್ತರ ಇದ್ರಲ್ಲೇ ಇದೆ. ನಡಿಗೆ ಅಳೆಯೋ ಲ್ಯಾಬ್‌ಗಳಲ್ಲಿ ಸಾಮಾನ್ಯವಾಗಿ 6 ಹರ್ಟ್ಜ್ ಕಟಾಫ್ ಬಟರ್‌ವರ್ತ್ ಫಿಲ್ಟರ್ ಹಾಕ್ತಾರೆ, ಅಂದ್ರೆ ಅದಕ್ಕಿಂತ ವೇಗದ ಏರಿಳಿತ ಕಮ್ಮಿ ಮಾಡತ್ತೆ, ನಡಿಗೆಗೆ ಅದು ಸಾಕು. ಪಾದ ಬಡಿದಾಗ ವೇಗ ಒಂದೆರಡು ಫ್ರೇಮಲ್ಲಿ ಸೊನ್ನೆಗೆ ಬೀಳತ್ತಲ್ಲ, ಆ ಚೂಪು 6 ಹರ್ಟ್ಜಿನ ಮೇಲೇನೇ ಇರೋದು, ಫಿಲ್ಟರ್ ಅದನ್ನ ನಡುಕ ಅಂತ ತಿಳ್ಕೊಂಡು ಬೋಳಿಸ್ಬಿಡತ್ತೆ. ಆದ್ದರಿಂದ ಬೆನ್ನು ಭುಜ ತಲೆಗೆ ಫಿಲ್ಟರ್ ಹಾಕಿ, ಕಾಲಿಗೆ ಹಾಕೋದಾದ್ರೆ ಒಂದು ಬಡಿತದಿಂದ ಇನ್ನೊಂದು ಬಡಿತದ ಮಧ್ಯ ಮಾತ್ರ, ಬಡಿತದ ಮೇಲೆ ಹಾಯಿಸ್ಬೇಡಿ. ಸ್ಕ್ರಿಪ್ಟಲ್ಲಿ ಮಾಡ್ತೀರ ಅಂದ್ರೆ ಮುಂದಕ್ಕೊಂದ್ಸಲ ಹಿಂದಕ್ಕೊಂದ್ಸಲ ಓಡಿಸಿ. ಒಂದೇ ದಿಕ್ಕಲ್ಲಿ ಓಡಿಸಿದ್ರೆ ಇಡೀ ದೇಹ ಚೆಂಡೆಗಿಂತ ಸ್ವಲ್ಪ ಹಿಂದೆ ಬೀಳತ್ತೆ.

ಠಾಕುರ್ಲಿ_ಟೂನ್

ಓ ಹಾಗಾದ್ರೆ ಸ್ಮೂತ್ ಹಾಕಿದ ಮೇಲೆ ತಾಳ ತಪ್ಪಿದ ಹಾಗೆ ಕಂಡದ್ದು ಅದಕ್ಕೇ ಇರ್ಬೇಕು, ಸ್ಕ್ರಿಪ್ಟ್ ಒಂದೇ ದಿಕ್ಕಿನದ್ದು. ಹಾಡಿನ ಲಯದ್ದು ಹೇಳಿ, ಇಡೀ ಕ್ಲಿಪ್ಪನ್ನು 1.2 ಪಟ್ಟು ಎಳೆದ್ರೆ ಹಾಡಿಗೆ ಕೂತುಕೊಳ್ತದೆ. ಹಾಗೆ ಮಾಡ್ಬಹುದಾ?

ಗೋರೆಗಾಂವ್_ಗುರು

ಮಾಡಬೇಡಿ. ಕಾಲು ನೆಲದ ಮೇಲಿರೋವಾಗ ಎಳೀರಿ, ಗಾಳೀಲಿರೋವಾಗ ಎಳೀಬೇಡಿ.

ಲೆಕ್ಕ ನೋಡಿ. ಮೇಲೆ ಹಾರಿ ಅದೇ ಎತ್ತರಕ್ಕೆ ಇಳಿಯೋ ಜಿಗಿತದಲ್ಲಿ ಎಷ್ಟು ಮೇಲೆ ಹೋಗ್ತೀರ ಅನ್ನೋದು ಗಾಳೀಲಿರೋ ಸಮಯದ ಮೇಲೆ ನಿಂತಿರತ್ತೆ, ಗುರುತ್ವವನ್ನ ಸಮಯದ ವರ್ಗದಿಂದ ಗುಣಿಸಿ 8ರಿಂದ ಭಾಗಿಸಿ. ಅರ್ಧ ಸೆಕೆಂಡ್ ಗಾಳೀಲಿದ್ರೆ ಸುಮಾರು 31 ಸೆಂಟಿಮೀಟರ್. ಅದನ್ನೇ 1.2 ಪಟ್ಟು ಎಳೆದ್ರೆ 0.6 ಸೆಕೆಂಡ್, ಅಷ್ಟೊತ್ತು ಇರಕ್ಕೆ 44 ಸೆಂಟಿಮೀಟರ್ ಹಾರ್ಬೇಕು. ನಿಮ್ಮ ಕ್ಯಾರೆಕ್ಟರ್ 31ರಲ್ಲೇ 0.6 ಸೆಕೆಂಡ್ ತೇಲ್ತಾ ಇರತ್ತೆ. ನೋಡೋವ್ರಿಗೆ ಫಿಸಿಕ್ಸ್ ಗೊತ್ತಿಲ್ದಿದ್ರೂ ಕಣ್ಣು ಹಿಡಿದುಬಿಡತ್ತೆ. ಒಂದೋ ಎತ್ತರ ಹೆಚ್ಚಿಸಿ, ಇಲ್ಲ ಹಾರೋ ಮುಂಚೆ ಕುಗ್ಗೋದನ್ನ ಮತ್ತೆ ಇಳಿದ್ಮೇಲೆ ಸಾವರಿಸ್ಕೊಳ್ಳೋದನ್ನ ಉದ್ದ ಮಾಡಿ. ಪುಣೇರಿ ಸರ್ ಹೇಳಿದ 0.75 ಇದೆಯಲ್ಲ, ಅದನ್ನ ಜಿಗಿತದ ಎತ್ತರಕ್ಕೆ ಹಾಕಿದ್ರೂ ಇದೇ ಕಥೆ, 31 ಇದ್ದಿದ್ದು 23 ಆಗಿ ಸಮಯ ಮಾತ್ರ ಅಷ್ಟೇ ಉಳಿಯತ್ತೆ. ಗಾಳೀಲಿರೋವಾಗ ನಿಂತ ಮಟ್ಟಕ್ಕಿಂತ ಮೇಲೆ ಎಷ್ಟು ಏರಿದ್ರೋ ಅದನ್ನ ಸ್ಕೇಲ್ ಮಾಡ್ದೆ ಹಂಗೇ ಬಿಡಿ, ಗಿಡ್ಡ ಕ್ಯಾರೆಕ್ಟರ್ ಸಖತ್ ಎತ್ತರ ಹಾರಿದಂಗೂ ಕಾಣತ್ತೆ.

ಮದ್ದಳೆಮನೆ

ಲಯದ ವಿಷಯ ಬಂತು ಹಾಗಾಗಿ ಒಂದು ಮಾತು. ಕುಣಿಯುವವರು ನಿಧಾನ ಕಾಲದಲ್ಲಿ ಕುಣಿದದ್ದನ್ನೇ ವೇಗವಾಗಿ ಕುಣಿಯುದಲ್ಲ. ಕಾಲ ಏರಿದಾಗ ಹೆಜ್ಜೆ ಚಿಕ್ಕದಾಗ್ತದೆ, ಕೆಲವು ಬಿಟ್ಟೇ ಹೋಗ್ತದೆ, ಕೈ ಅರ್ಧಕ್ಕೇ ತಿರುಗ್ತದೆ. ಹಾಡು ನಿಧಾನ ಮಾಡಿದ್ದೀರಿ ಅಂದ್ರೆ ನಿಜವಾಗಿ ಅವ್ರು ಹೆಜ್ಜೆ ದೊಡ್ಡದು ಮಾಡ್ತಿದ್ರು, ಎರಡು ಹೆಜ್ಜೆಯ ನಡುವೆ ಮೈ ತೂಗ್ತಿದ್ರು. ಬರೇ ಎಳೆದ್ರೆ ಅದು ಬರುದಿಲ್ಲ. ಸ್ವಲ್ಪ ವ್ಯತ್ಯಾಸಕ್ಕೆ ನಡೀತದೆ, ಅರ್ಧಕ್ಕರ್ಧ ಅಂದ್ರೆ ಪುನಃ ಕುಣಿಸುದೇ ಒಳ್ಳೇದು. ಚೆಂಡೆಯ ಮುಕ್ತಾಯಕ್ಕೆ ಕೊನೆಯ ಹೆಜ್ಜೆ ಕೂತುಕೊಳ್ಬೇಕು, ನಡುವಿನದ್ದು ಒಂದು ಚೂರು ಆಚೆ ಈಚೆ ಆದ್ರೂ ಯಾರೂ ಬೈಯುದಿಲ್ಲ.

ಪುಣೇರಿ_ರಿಗ್

ದಿಗಿಣದ್ದು ಬಿಟ್ಟುಹೋಗಿತ್ತು, ಅದರಾಗ ಒಂದ ದೊಡ್ಡ ಗುಂಡಿ ಐತಿ. ಐದು ಸುತ್ತು ತಿರಗಿದ್ರ ಸೊಂಟದ ತಿರುಗು 1800 ಡಿಗ್ರಿ ತನಕ ಏರ್ತಾ ಹೋಗ್ಬೇಕು. ಕೀ ಕಡಿಮಿ ಮಾಡಾಕಂತ ಡೆಸಿಮೇಟ್ ಹಾಕಿ, ತಿರುಗನ್ನ ನಾಕು ಸಂಖ್ಯೆಯಾಗ ಬರಿಯೂ ಕ್ವಾಟರ್ನಿಯನ್‌ಗೆ ಬದಲಿಸಿದ್ರ ಎರಡು ಕೀ ನಡುವ 180 ಡಿಗ್ರಿಗಿಂತ ಜಾಸ್ತಿ ಅಂತರ ಬಂದ ಕಡೆ ಅದು ಹತ್ರದ ದಾರಿ ಹಿಡಿದು ಉಲ್ಟಾ ತಿರಗ್ತೈತಿ. 200 ಡಿಗ್ರಿ ಎಡಕ್ಕ ಹೋಗಬೇಕಾದದ್ದು 160 ಡಿಗ್ರಿ ಬಲಕ್ಕ ಬರ್ತೈತಿ. 1985ರಾಗ ಶೂಮೇಕ್ ಅವ್ರು ಕ್ವಾಟರ್ನಿಯನ್‌ನ ಅನಿಮೇಶನ್ನಿಗೆ ತಂದಾಗಿಂದ ಮಂದಿ ಅದನ್ನ ಎಲ್ಲಾದಕ್ಕೂ ಮದ್ದು ಅಂತಾರ, ಭುಜಕ್ಕ ಖರೇನ ಮದ್ದು, ಗಿರಕಿ ಹೊಡಿಯೂ ಸೊಂಟಕ್ಕ ಮಾತ್ರ ಯೂಲರ್ ಇಟ್ಕೋರಿ, ಲಂಬ ಅಕ್ಷ ಮೊದಲ ತಿರಗೂ ಹಂಗ ಆರ್ಡರ್ ಇಡ್ರಿ. ಇಲ್ಲಂದ್ರ ಒಂದೊಂದು ಸುತ್ತಿಗೆ ನಾಕೈದು ಕೀ ಉಳಿಸ್ರಿ.

ಠಾಕುರ್ಲಿ_ಟೂನ್

ಸೊಂಟದ್ದು ಯೂಲರಿಗೆ ತಂದು ನೋಡಿದೆ, ಅನ್‌ರೋಲ್ ಆದ ಮೇಲೆ ಗೆರೆ ನೆಟ್ಟಗೆ ಮೆಟ್ಟಿಲು ಏರಿದ ಹಾಗೆ ಬಂತು. ಈಗ ಒಂದು ಕಿರಿಕಿರಿ. ಕ್ಲೈಂಟ್ ಟಿವಿಗೂ ಕೊಡ್ಬೇಕು 25 ಎಫ್‌ಪಿಎಸ್ ಕೊಡಿ ಅಂತಿದ್ದಾರೆ. ನಾನು 24 ಅಂತ ಗ್ರಹಿಸಿದ್ದೆ.

ಪುಣೇರಿ_ರಿಗ್

24 ಆಗಿದ್ರ ಐದಕ್ಕೊಂದು ಫ್ರೇಮು ತಗೊಂಡ್ರ ಮುಗೀತಿತ್ತು, 30 ಆಗಿದ್ರ ನಾಕಕ್ಕೊಂದು. 25 ಅಂದ್ರ 4.8ಕ್ಕೊಂದು, ಹಂಗಾಗಿ ಫ್ರೇಮು ಎತ್ತೂದಲ್ಲ, ಕರ್ವ್ ಮ್ಯಾಲಿಂದ ರೀಸ್ಯಾಂಪಲ್ (ಹೊಸ ಫ್ರೇಮಿನ ಹೊತ್ತಿಗೆ ಬೆಲೆ ಎತ್ತೂದು) ಮಾಡೂದು. ಎಲ್ಲಾ ಎಡಿಟ್ 120ರಾಗ ಮುಗಿಸ್ರಿ, ರೀಸ್ಯಾಂಪಲ್ ಕಡೀಕ. ಆಮ್ಯಾಲ ಗೆಜ್ಜಿ ಮಾರ್ಕರ್ ನೋಡ್ರಿ, ಬಾಳಷ್ಟು ಬಡಿತ ಎರಡು ಫ್ರೇಮಿನ ನಡುವ ಬಿದ್ದಿರ್ತಾವ, ಅಂದ್ರ ಒಂದ ಫ್ರೇಮಿನಾಗ ಪಾದ ಇನ್ನಾ ಮ್ಯಾಲ, ಮುಂದಿನದ್ರಾಗ ಆಗ್ಲೇ ಕೂತೈತಿ, ಬಡಿದದ್ದು ಯಾರಿಗೂ ಕಾಣಂಗಿಲ್ಲ. ಪ್ರತಿ ಬಡಿತಾನ ಹಿಂದಿನ ಫ್ರೇಮಿಗೆ ಸರಸ್ರಿ, ಮುಂದಿನದಕ್ಕ ಅಲ್ಲ. 25ರಾಗ ಒಂದ ಫ್ರೇಮು 40 ಮಿಲಿಸೆಕೆಂಡ್. ಚಿತ್ರ ಮೊದಲ ಬಂದು ಶಬ್ದ ಅಷ್ಟು ತಡ ಆದ್ರ ಯಾರಿಗೂ ಗೊತ್ತಾಗಂಗಿಲ್ಲ, ಸುಮಾರು 125 ಮಿಲಿಸೆಕೆಂಡ್ ತನಕ ಮಂದಿ ತಡ್ಕೋತಾರ, ಶಬ್ದ ಮೊದಲ ಬಂತಂದ್ರ ಮಾತ್ರ 45ಕ್ಕೇ ಕಿರಿಕಿರಿ ಶುರು. ಮುಕ್ತಾಯದ ಹೆಜ್ಜಿ ಒಂದನ್ನ ಕೈಯಿಂದ ನೋಡಿ ಕೂಡಸ್ರಿ, ಉಳಿದದ್ದು ಸ್ಕ್ರಿಪ್ಟಿಗೆ ಬಿಡ್ರಿ. ಸ್ಕ್ರಿಪ್ಟ್ ನನ್ನ ಕಡೆ ಐತಿ, ರಾತ್ರಿ ಕಳಸ್ತೀನಿ.